ಒಬ್ಬರಿಗಾಗಿ ಅಡುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಒಬ್ಬಳೇ ವಾಸವಾಗಿದ್ದೇನೆ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಅಡುಗೆ ಬರುವುದಿಲ್ಲವೆಂದೇನೂ ಅಲ್ಲ, ನಾಲ್ಕು ಜನ ಬಂದರೆ ಹುರುಪಿನಿಂದಲೇ ಮಾಡುತ್ತೇನೆ. ಆದರೆ ನನ್ನೊಬ್ಬಳಿಗೆ ಎಂದಾಗ ಕೈಯೇ ಏಳುವುದಿಲ್ಲ. ಬಿಸ್ಕತ್ತು ತಿಂದು ಮಲಗುವ ದಿನಗಳೇ ಹೆಚ್ಚಾಗಿವೆ. ಇದು ಸೋಮಾರಿತನವೇ? ಹೆಚ್ಚು ಶ್ರಮವಿಲ್ಲದೆ ಊಟ ಎನ್ನಬಹುದಾದಂಥದ್ದನ್ನು ಮಾಡಿಕೊಳ್ಳುವ ದಾರಿ ಇದೆಯೇ?

ಉತ್ತರ: ದಾರಿ ಇದೆ, ಆದರೆ ಶ್ರಮ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಪಾತ್ರೆ ಒಲೆಯ ಮೇಲೆ ಕುಳಿತ ಮೇಲೆ ನಾವು ಮಾಡುವ ಕೆಲಸ ಬಹಳ ಕಡಿಮೆ. ದಣಿಸುವುದು ಏನು ಮಾಡಲಿ ಎಂಬ ಯೋಚನೆ, ಹೆಚ್ಚುವ ಕೆಲಸ ಮತ್ತು ಕೊನೆಯಲ್ಲಿ ಕಾಯುವ ಮುಸುರೆ ಪಾತ್ರೆಗಳು. ಊಟಕ್ಕೆ ಕೂರುವವರು ನಾಲ್ವರಿಂದ ಒಬ್ಬರಿಗೆ ಇಳಿದರೂ ಈ ಹೊರೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದ್ದರಿಂದ, ಒಬ್ಬರಿಗಾಗಿ ಇಷ್ಟೆಲ್ಲ ಏಕೆ ಎಂದು ಮನಸ್ಸು ಹಿಂಜರಿಯುವುದು ಸಹಜ. ಅದನ್ನು ಸೋಮಾರಿತನವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಯೋಚನೆಯ ಹೊರೆ ಇಳಿಯಬೇಕಾದರೆ ಕೆಲಸದ ದಿನಗಳ ರಾತ್ರಿಗೆಂದು ಎರಡು ಮೂರು ಅಡುಗೆಗಳನ್ನು ಒಮ್ಮೆಗೇ ಗೊತ್ತುಮಾಡಿಕೊಂಡು, ಅವನ್ನೇ ಸರದಿಯಂತೆ ಮಾಡುತ್ತ ಹೋಗಿ. ನನ್ನ ಮೊದಲ ಸಲಹೆ ಒಂದೇ ಪಾತ್ರೆಯಲ್ಲಿ ಮುಗಿಯುವ ಅಕ್ಕಿ ಮತ್ತು ಮಸೂರ ಬೇಳೆಯದು. ಅರ್ಧ ಬಟ್ಟಲು ಅಕ್ಕಿ, ಕಾಲು ಬಟ್ಟಲು ಬೇಳೆ ತೊಳೆದು, ಸುಮಾರು ಎರಡೂಕಾಲು ಬಟ್ಟಲು ನೀರು, ಉಪ್ಪು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಸಿಪ್ಪೆ ತೆಗೆದ ಮಸೂರ ಬೇಳೆಗೆ ನೆನೆಸುವ ಅಗತ್ಯವಿಲ್ಲ, ಅದು 15ರಿಂದ 20 ನಿಮಿಷಗಳಲ್ಲಿ, ಅಂದರೆ ಬಿಳಿ ಅಕ್ಕಿ ಅನ್ನವಾಗುವಷ್ಟರಲ್ಲೇ ಬೇಯುತ್ತದೆ. ಕೊನೆಯ ಐದು ನಿಮಿಷ ಇರುವಾಗ ಫ್ರೀಜರಿನಲ್ಲಿಟ್ಟ ಬಟಾಣಿಯನ್ನು ಒಂದು ಹಿಡಿ ಸುರಿದರೆ ಹೆಚ್ಚುವ ಕೆಲಸವೂ ತಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಬಟಾಣಿಯನ್ನು ಸಾಮಾನ್ಯವಾಗಿ ಸುಲಿದು, ತೊಳೆದು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದ ನಂತರವೇ ಹೆಪ್ಪುಗಟ್ಟಿಸಿರುತ್ತಾರೆ, ಆದ್ದರಿಂದ ಅದಕ್ಕೆ ಬೇಕಾಗುವ ಬಿಸಿ ಕಡಿಮೆ. ಇಳಿಸಿದ ಮೇಲೆ ಒಂದು ಚಮಚ ಬೆಣ್ಣೆ ಅಥವಾ ಎಣ್ಣೆ, ನಿಂಬೆರಸ, ಕರಿಮೆಣಸಿನ ಪುಡಿ ಬೆರೆಸಿದರೆ ಸಾಕು. ಪ್ರೋಟೀನ್ ಅಮೈನೋ ಆಮ್ಲಗಳೆಂಬ ಘಟಕಗಳಿಂದ ಆಗಿರುತ್ತದೆ. ಧಾನ್ಯದಲ್ಲಿ ಅವುಗಳಲ್ಲೊಂದಾದ ಲೈಸಿನ್ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಧಾನ್ಯದಿಂದ ದೊರೆಯುತ್ತದೆ. ಹೀಗಾಗಿ ಸುಲಭವೆಂದು ಆರಿಸಿಕೊಂಡ ಈ ಜೋಡಿ ಪೌಷ್ಟಿಕತೆಯ ದೃಷ್ಟಿಯಿಂದಲೂ ಹಗುರವಾದುದಲ್ಲ.

ಅಷ್ಟನ್ನೂ ಮಾಡಲಾಗದ ರಾತ್ರಿಗಳು ಬರುತ್ತವೆ. ಅಂಥ ದಿನಗಳಿಗಾಗಿ ನಾಲ್ಕೈದು ಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ ಫ್ರಿಜ್ಜಿನಲ್ಲಿಟ್ಟಿರಿ. ಸಿಪ್ಪೆ ಬಿಡಿಸದಿದ್ದರೆ ಒಂದು ವಾರದವರೆಗೂ ಅವು ಚೆನ್ನಾಗಿರುತ್ತವೆ, ಮತ್ತು ದೊಡ್ಡ ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಎರಡು ಮೊಟ್ಟೆ, ಬ್ರೆಡ್ಡು, ಒಂದು ಟೊಮೆಟೊ, ಒಂದು ಬಟ್ಟಲು ಮೊಸರು ಇದ್ದರೆ ಅದು ಊಟವೇ. ಒಲೆ ಹಚ್ಚಿದರೆ ಮಾತ್ರ ಊಟವೆಂಬ ನಿಯಮವನ್ನು ನಾವು ನಮ್ಮ ಮೇಲೆ ಹೇರಿಕೊಂಡಿರುತ್ತೇವಷ್ಟೆ.

ರಜೆಯ ದಿನ ಹುರುಪಿದ್ದರೆ ವಾರಕ್ಕೆಲ್ಲ ಆಗುವಂತೆ ಒಂದೇ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲಿ ಮಾಡಿಡುವ ಉಪಾಯವನ್ನು ಹಲವರು ಹೇಳುತ್ತಾರೆ. ನನಗದು ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಮೂರನೆಯ ದಿನಕ್ಕೆ ಅದರ ಮುಖ ನೋಡುವುದೇ ಬೇಡವೆನಿಸುತ್ತದೆ. ಅದರ ಬದಲು ಮಸಾಲೆ ಹಾಕದೆ ಪದಾರ್ಥವನ್ನಷ್ಟೇ ಬೇಯಿಸಿಡಿ. ಉಪ್ಪು ಮಾತ್ರ ಹಾಕಿ ಬೇಯಿಸಿದ ಕಡಲೆಕಾಳು ಒಂದು ದಿನ ಸೌತೆಕಾಯಿ, ನಿಂಬೆರಸದೊಂದಿಗೆ ಸಲಾಡ್ ಆದರೆ, ಮರುದಿನ ಟೊಮೆಟೊ ಜೊತೆ ಸೂಪ್ ಆಗುತ್ತದೆ, ಇನ್ನೊಂದು ದಿನ ಬೆಳ್ಳುಳ್ಳಿಯೊಂದಿಗೆ ಮಸೆದು ಬ್ರೆಡ್ಡಿನ ಮೇಲೆ ಹಚ್ಚಿಕೊಳ್ಳಬಹುದು.

ಪ್ರಶ್ನೆ: ನಾಲ್ವರಿಗೆಂದು ಬರೆದ ಅಡುಗೆಯ ಅಳತೆಗಳನ್ನೆಲ್ಲ ನಾಲ್ಕರಿಂದ ಭಾಗಿಸಿ ಮಾಡಿದರೆ ತಳ ಹಿಡಿಯುತ್ತದೆ, ಇಲ್ಲವೇ ಒಣಗಿ ಹೋಗುತ್ತದೆ. ಕಾರಣವೇನು?

ಉತ್ತರ: ನೀರು ಆವಿಯಾಗುವುದು ಪಾತ್ರೆಯ ಬಾಯಿಯ ಅಗಲ, ಉರಿ ಮತ್ತು ಸಮಯವನ್ನು ಅವಲಂಬಿಸಿದೆಯೇ ಹೊರತು ಒಳಗೆ ಎಷ್ಟು ಅಡುಗೆಯಿದೆ ಎಂಬುದನ್ನಲ್ಲ. ಅದೇ ಅಗಲದ ಪಾತ್ರೆಯಲ್ಲಿ ಅಷ್ಟೇ ಹೊತ್ತು ಕುದಿಸಿದರೆ ನಾಲ್ವರ ಅಡುಗೆಯಿಂದ ಹೋಗುವಷ್ಟೇ ನೀರು ಒಬ್ಬರ ಅಡುಗೆಯಿಂದಲೂ ಹೋಗುತ್ತದೆ, ಮತ್ತು ಕಾಲು ಭಾಗದ ನೀರಿಗೆ ಆ ನಷ್ಟವನ್ನು ತಾಳುವ ಶಕ್ತಿಯಿರುವುದಿಲ್ಲ. ಆದ್ದರಿಂದ ಚಿಕ್ಕ, ದಪ್ಪ ತಳದ ಪಾತ್ರೆಯನ್ನು ಬಳಸಿ, ಮುಚ್ಚಳ ಹಾಕಿ, ನೀರನ್ನು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇಡಿ. ಉಪ್ಪು, ಖಾರವನ್ನು ಭಾಗಿಸಿದ ಅಳತೆಗಿಂತ ಕಡಿಮೆ ಹಾಕಿ ರುಚಿ ನೋಡಿ ಸೇರಿಸುವುದು ಒಳ್ಳೆಯದು, ಏಕೆಂದರೆ ಅಳತೆ ಚಿಕ್ಕದಾದಷ್ಟೂ ಒಂದು ಚಿಟಿಕೆಯ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಆದರೆ ಕಾಳಾಗಲಿ ಗೆಡ್ಡೆಯಾಗಲಿ ಬೇಯುವ ಸಮಯವನ್ನು ಭಾಗಿಸಲು ಹೋಗಬೇಡಿ. ಹತ್ತು ಆಲೂಗಡ್ಡೆ ಬೇಯಲು ಹಿಡಿಯುವ ಹೊತ್ತಿಗೂ ಎರಡು ಬೇಯುವ ಹೊತ್ತಿಗೂ, ನೀರು ಕುದಿಬಂದ ಮೇಲೆ, ಅಂತರವಿಲ್ಲವೆಂದೇ ಹೇಳಬಹುದು.

ಪ್ರಶ್ನೆ: ಮೂರು ದಿನಕ್ಕಾಗುವಷ್ಟು ಅನ್ನವನ್ನು ಒಟ್ಟಿಗೆ ಮಾಡಿಡುತ್ತೇನೆ. ಹಳೆಯ ಅನ್ನ ಅಪಾಯಕಾರಿ ಎಂದು ಗೆಳೆಯರು ಹೆದರಿಸುತ್ತಾರೆ. ಚೆನ್ನಾಗಿ ಬಿಸಿ ಮಾಡಿದರೆ ಸಾಲದೇ?

ಉತ್ತರ: ಸಾಲದು. ಆದರೆ ಹೆದರಬೇಕಾದದ್ದು ಅನ್ನದ ವಯಸ್ಸಿಗಿಂತ ಹೆಚ್ಚಾಗಿ ಅದು ಹೊರಗೆ ಕುಳಿತ ಹೊತ್ತಿಗೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಮತ್ತು ಅವು ಅನ್ನ ಬೇಯುವ ಬಿಸಿಯನ್ನೂ ತಾಳಿಕೊಳ್ಳಬಲ್ಲವು. ಬೆಂದ ಅನ್ನ ಕೋಣೆಯ ಬಿಸಿಯಲ್ಲಿ ಗಂಟೆಗಟ್ಟಲೆ ಉಳಿದಾಗ ಅವು ಮೊಳೆತು, ವೃದ್ಧಿಸಿ, ವಾಂತಿ ಬರಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಸಾಧ್ಯವಾದರೆ ಒಂದು ಗಂಟೆಯೊಳಗೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಫ್ರಿಜ್ಜಿಗೆ ಸೇರಿಸಿ. ಇನ್ನೂ ಬೆಚ್ಚಗಿರುವಾಗ ಒಳಗಿಟ್ಟರೆ ಫ್ರಿಜ್ಜು ಕೆಡುತ್ತದೆಂಬ ಭಯದಿಂದ ರಾತ್ರಿಯಿಡೀ ಹೊರಗೆ ಬಿಡುವವರಿದ್ದಾರೆ. ಅದೇ ನಿಜವಾದ ಅಪಾಯ. ಎರಡನೆಯ ದಿನಕ್ಕಿಂತ ಮುಂದೆ ಬೇಕಾಗುವ ಪಾಲನ್ನು ಒಂದೊಂದು ಊಟದ ಅಳತೆಗೆ ವಿಂಗಡಿಸಿ ಫ್ರೀಜರಿನಲ್ಲಿಡಿ. ತಿನ್ನುವಷ್ಟನ್ನೇ ತೆಗೆದು, ಸ್ವಲ್ಪ ನೀರು ಚಿಮುಕಿಸಿ, ನಡುವೆಯೂ ಹಬೆಯಾಡುವವರೆಗೆ ಒಂದೇ ಒಂದು ಬಾರಿ ಬಿಸಿ ಮಾಡಿ.

ಪ್ರಶ್ನೆ: ಬೆಳಿಗ್ಗೆ ರಾಜ್ಮಾ ಕಾಳನ್ನು ಸ್ಲೋ ಕುಕ್ಕರಿನಲ್ಲಿ, ಅಂದರೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ, ಹಾಕಿ ಹೋದರೆ ಸಂಜೆಗೆ ಊಟ ಸಿದ್ಧವಲ್ಲವೇ? ಇದಕ್ಕಿಂತ ಸುಲಭ ಏನಿದೆ?

ಉತ್ತರ: ಹಸಿ ರಾಜ್ಮಾವನ್ನು ನೇರವಾಗಿ ಹಾಗೆ ಹಾಕಲೇಬೇಡಿ. ಅದರಲ್ಲಿ, ಅದರಲ್ಲೂ ಕೆಂಪು ಕಾಳಿನಲ್ಲಿ, ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಹೇರಳವಾಗಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳುಗಳೂ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ತರಬಲ್ಲವು. ಸ್ಲೋ ಕುಕ್ಕರಿನ ಒಳಗೆ ಅದನ್ನು ನಾಶಮಾಡುವಷ್ಟು ಬಿಸಿ ಬರದೇ ಹೋಗಬಹುದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಿದ ಮೇಲೆ ಸ್ಲೋ ಕುಕ್ಕರಿಗೆ ಹಾಕಬಹುದು. ಇಷ್ಟು ಮಾಡಿದ ಮೇಲೆ ಅದು ಸುಲಭದ ಅಡುಗೆಯಾಗಿ ಉಳಿಯುವುದಿಲ್ಲ ಎಂಬುದೂ ನಿಜ. ಒಬ್ಬರಿಗೇ ಬೇಕಿದ್ದರೆ ಬೇಯಿಸಿ ಡಬ್ಬಿಯಲ್ಲಿ ತುಂಬಿದ ರಾಜ್ಮಾ ತನ್ನಿ, ನೀರಿನಲ್ಲಿ ಒಮ್ಮೆ ತೊಳೆದರೆ ಹೆಚ್ಚಿನ ಉಪ್ಪೂ ಹೋಗುತ್ತದೆ. ಬಳಸಿ ಉಳಿದದ್ದನ್ನು ತೆರೆದ ಡಬ್ಬಿಯಲ್ಲೇ ಬಿಡದೆ ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದೊಳಗೆ ಇನ್ನೊಂದು ಊಟಕ್ಕೆ ಒದಗುತ್ತದೆ.