ಅನ್ನನಾಳದ ಕ್ಯಾನ್ಸರ್: ಪಿಡಿ-ಎಲ್1 ಅಂಕ ನೋಡಿ ಅಪ್ಪನ ಆಯಸ್ಸು ಹೇಳಬಹುದಾ?

ಇಲ್ಲ. ನಿಮ್ಮ ಅಪ್ಪನಿಗೆ ಹಾಸನದಲ್ಲಿ ಎಂಡೋಸ್ಕೋಪಿ ಮಾಡಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದ ಗೆಡ್ಡೆಯ ತುಣುಕಿನ ವರದಿಯಲ್ಲಿ 'ಪಿಡಿ-ಎಲ್1, ಸಿಪಿಎಸ್ 15' ಅಂತ ಬಂದಿದೆ ಎಂದು ಬರೆದಿದ್ದೀರಿ. ಪಿಡಿ-ಎಲ್1 ಒಂದು ಪ್ರೋಟೀನ್; ಅದು ಎಷ್ಟಿದೆ ಅಂತ ಹೇಳುವ ಅಂಕವೇ ಸಿಪಿಎಸ್. ಆ ಅಂಕ ಮುಖ್ಯವಾಗಿ ಯಾವ ಔಷಧ ಕೆಲಸಕ್ಕೆ ಬರಬಹುದು ಅಂತ ಹೇಳುತ್ತದೆ.

ನಮ್ಮ ಮೈಯ ಟಿ ಕೋಶಗಳು (ಒಂದು ಬಗೆಯ ರಕ್ಷಣಾ ಕೋಶ) ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲವು. ಆದರೆ ಅವುಗಳಿಗೆ ಪಿಡಿ-1 ಅನ್ನೋ ಬ್ರೇಕ್ ಇದೆ. ಗೆಡ್ಡೆಯ ಕೋಶ ಪಿಡಿ-ಎಲ್1 ಪ್ರೋಟೀನ್ ಚಾಚಿ ಆ ಬ್ರೇಕ್ ಒತ್ತುತ್ತದೆ. ಟಿ ಕೋಶ ಪಕ್ಕದಲ್ಲೇ ಇದ್ದರೂ ಸುಮ್ನೆ ಕೂರುತ್ತದೆ. ಪೆಂಬ್ರೊಲಿಜುಮ್ಯಾಬ್ ಥರದ ಇಂಜೆಕ್ಷನ್ ಬ್ರೇಕ್ ಹೀಗೆ ಒತ್ತದಂತೆ ತಡೆಯುತ್ತದೆ.

ಬಣ್ಣ ಹಾಕಿದ ಸ್ಲೈಡಿನಲ್ಲಿ ಪಿಡಿ-ಎಲ್1 ಇರುವ ಗೆಡ್ಡೆ ಕೋಶ, ರಕ್ಷಣಾ ಕೋಶ ಎರಡನ್ನೂ ಎಣಿಸಿ, ಒಟ್ಟು ಜೀವಂತ ಗೆಡ್ಡೆ ಕೋಶಗಳಿಂದ ಭಾಗಿಸಿ, 100ರಿಂದ ಗುಣಿಸಿದರೆ ಸಿಪಿಎಸ್. ಆಪರೇಷನ್ ಮಾಡಲಾಗದ ಹಂತದವರಲ್ಲಿ ನಡೆದ ಕೀನೋಟ್-590 ಪ್ರಯೋಗದಲ್ಲಿ, 10 ಅಥವಾ ಅದಕ್ಕಿಂತ ಜಾಸ್ತಿ ಅಂಕದವರು ಕೀಮೋ ಜೊತೆ ಈ ಇಂಜೆಕ್ಷನ್ ಪಡೆದಾಗ ಬರೀ ಕೀಮೋದವರಿಗಿಂತ ಸರಾಸರಿ ಹೆಚ್ಚು ಕಾಲ ಬದುಕಿದರು.

ಬರೀ ಪಿಡಿ-ಎಲ್1 ನೋಡಿ ಆಯಸ್ಸು ಅಳೆಯಲು ಹೋದ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೆಡ್ಡೆಯೊಳಗೆ ಸಿಡಿ8 ಅನ್ನೋ ಟಿ ಕೋಶಗಳು ಜಾಸ್ತಿ ನುಗ್ಗಿದ್ದರೆ ಸಾಮಾನ್ಯವಾಗಿ ಒಳ್ಳೆ ಸೂಚನೆ. ಆದರೂ ಗೆಡ್ಡೆ ಎಷ್ಟು ಆಳ ಇಳಿದಿದೆ, ಬೇರೆ ಕಡೆ ಹರಡಿದೆಯಾ ಅನ್ನೋದೇ, ಅಂದರೆ ಸ್ಟೇಜೇ, ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಡಾಕ್ಟರ್ ಹತ್ತಿರ ಮೊದಲು ಸ್ಟೇಜ್ ಕೇಳಿ, ಆಮೇಲೆ ಸಿಪಿಎಸ್.