ಕಮಿಟಿಯಲ್ಲಿ ಹೆಂಗಸರು ಯಾಕೆ ಬೇಕು?

ಪತ್ರ: ಕ್ರೀಡಾ ಸಂಘಗಳ ಕಮಿಟಿಗೆ ಲೆಕ್ಕ ಹಾಕಿ ಹೆಂಗಸರನ್ನು ಸೇರಿಸಬೇಕಂತೆ. ಯೋಗ್ಯತೆ ಇದ್ದವರು ಬರಲಿ. ಆಟದಲ್ಲೂ ಮೀಸಲಾತಿ ಯಾಕೆ? ನಮ್ಮ ಶಾಲೆಯ ಹುಡುಗಿಯರು ಯಾವ ಮೀಸಲಾತಿಯೂ ಇಲ್ಲದೆ ಥ್ರೋಬಾಲ್‌ನಲ್ಲಿ ರಾಜ್ಯಮಟ್ಟಕ್ಕೆ ಹೋಗಿದ್ದರು.
– ನಿವೃತ್ತ ಪಿ.ಟಿ. ಮಾಷ್ಟ್ರು, ಕುಂದಾಪುರ

ಸಂಪಾದಕರ ಉತ್ತರ: ಮಾಷ್ಟ್ರೇ, ಯೋಗ್ಯತೆ ಬೇಕು ಎನ್ನುವ ನಿಮ್ಮ ಮಾತು ಸರಿ. ಹೆಸರಿಗಷ್ಟೇ ಕೂರಿಸಿದರೆ ಪ್ರಯೋಜನ ಇಲ್ಲ.

ಆದರೆ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ. ಮೊದಲ ಮಹಿಳಾ ಅಧ್ಯಕ್ಷೆಯಾಗಿ ಪಿ.ಟಿ. ಉಷಾ ಬಂದದ್ದು 2022ರಲ್ಲಿ. ನಡುವಿನ 95 ವರ್ಷ ಯೋಗ್ಯತೆ ಇದ್ದ ಒಬ್ಬ ಹೆಂಗಸೂ ಇರಲಿಲ್ವಾ?

ಕೆಲವು ವರ್ಷದ ಹಿಂದೆ ನಮ್ಮದೇ ಜಿಲ್ಲೆಯ ಒಂದೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಹೋಗಿದ್ದೆ. ಹೆಣ್ಣುಮಕ್ಕಳ ಪಂದ್ಯ ಸಂಜೆ 7ಕ್ಕೆ ಅಂತ ಆಮಂತ್ರಣದಲ್ಲಿತ್ತು. ಭಾಷಣ, ಸನ್ಮಾನ, ಗಂಡಸರ ಪಂದ್ಯ ಎಲ್ಲ ಮುಗಿದು ಅವರು ಅಂಕಣಕ್ಕೆ ಇಳಿಯುವಾಗ ರಾತ್ರಿ ಒಂದೂವರೆ. ಬಟ್ಟೆ ಬದಲಿಸಲು ಜಾಗ ಇಲ್ಲ. ವೇದಿಕೆಯ ಹಿಂದೆ, ಜನರೇಟರ್ ಪಕ್ಕ, ಇಬ್ಬರು ಬೆಡ್‌ಶೀಟ್ ಅಡ್ಡ ಹಿಡಿದು ನಿಂತರು. ಒಬ್ಬೊಬ್ಬಳಾಗಿ ಅದರ ಮರೆಗೆ ಹೋಗಿ ಜೆರ್ಸಿ ಹಾಕಿಕೊಂಡು ಬಂದರು. ಕಮಿಟಿಯಲ್ಲಿದ್ದ ಇಪ್ಪತ್ತೆರಡೂ ಮಂದಿ ಗಂಡಸರು. ಕೆಟ್ಟವರು ಯಾರೂ ಅಲ್ಲ, ಎಲ್ಲರಿಗೂ ಒಳ್ಳೆ ಊಟ ಹಾಕಿದರು. ಇದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ. ಆಡಿ ಬಂದ ಒಬ್ಬ ಹೆಂಗಸು ಅಲ್ಲಿದ್ದಿದ್ದರೆ ಶಾಮಿಯಾನದವರಿಗೆ ಫೋನ್ ಮಾಡುವಾಗಲೇ, ಹಿಂದೆ ಒಂದು ಮರೆ ಕಟ್ಟಿ, ಲೈಟ್ ಹಾಕಿ ಅಂತ ಹೇಳುತ್ತಿದ್ದಳು. ಅದು ಯೋಗ್ಯತೆ ಅಲ್ವಾ ಮಾಷ್ಟ್ರೇ?

ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಕಬಡ್ಡಿಯಲ್ಲಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ತಂದರು. ನಮಗೆಲ್ಲ ಹೆಮ್ಮೆ. ಆದರೆ ಅಷ್ಟು ದೂರ ಹೋಗದೆ, ಆಡಿ ಊರಲ್ಲೇ ಉಳಿದವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನಾವು ಕೊಡುವ ಕೆಲಸ ಸ್ಮರಣಿಕೆಯ ಹರಿವಾಣ ಹಿಡಿಯುವುದು!

2025ರ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ 4 ಮಹಿಳೆಯರು ಇರಬೇಕು ಎನ್ನುತ್ತದೆ. ನಮ್ಮೂರ ಮಂಡಳಿಗಳಿಗೆ ಅಂಥ ಒತ್ತಾಯವೂ ಇಲ್ಲ.

ಹೆಂಗಸರ ವಿಷಯ ಮಾತ್ರ ಅಲ್ಲ. ಒಂದು ಸನ್ಮಾನದಲ್ಲಿ ಗಾಲಿಕುರ್ಚಿಯ ಆಟಗಾರನನ್ನು ನಾಲ್ಕು ಜನ ಕುರ್ಚಿ ಸಮೇತ ಎತ್ತಿ ವೇದಿಕೆಗೆ ತಂದರು. ಜೋರು ಚಪ್ಪಾಳೆ. ಹುಡುಗ ತಲೆ ಎತ್ತಲಿಲ್ಲ. ಒಂದು ಹಲಗೆ ಇಳಿಜಾರಾಗಿ ಇಟ್ಟಿದ್ದರೆ ಸಾಕಿತ್ತು.

ನಿಮ್ಮ ಆ ಥ್ರೋಬಾಲ್ ಹುಡುಗಿಯರಿಗೆ ಈಗ ನಲವತ್ತು ದಾಟಿರಬೇಕು. ಅವರಲ್ಲಿ ಇಬ್ಬರ ಹೆಸರನ್ನು ನಿಮ್ಮೂರ ಕಮಿಟಿಗೆ ನೀವೇ ಹೇಳಿ. ನಿಮ್ಮ ಮಾತು ತೆಗೆದುಹಾಕುವವರು ಅಲ್ಲಿ ಯಾರೂ ಇರಲಿಕ್ಕಿಲ್ಲ.