ನಾಲ್ಕು ವರ್ಷದ ಮಗಳಿಗೆ ಬೆರಳಚ್ಚಿನ ಚಿತ್ರ ಹೇಗೆ ಮಾಡಿಸಲಿ?

ದಾವಣಗೆರೆಯಲ್ಲಿದ್ದೀರಿ, ನಾಲ್ಕು ವರ್ಷದ ಮಗಳನ್ನು ಕೂರಿಸಿಕೊಂಡು ಬೆರಳಚ್ಚಿನ ಚಿತ್ರ ಮಾಡಿಸಲು ಹೋದರೆ ಹಾಳೆ ತುಂಬ ಬರೀ ಬಣ್ಣದ ಗುಡ್ಡೆಯಾಗುತ್ತೆ, ಸ್ಟಾಂಪ್ ಪ್ಯಾಡ್ ತಂದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಇದನ್ನು ಎಷ್ಟೋ ಸಲ ಮಾಡಿದ್ದೇನೆ.

ಸ್ಟಾಂಪ್ ಪ್ಯಾಡ್ ಬೇಡ. ಆ ನೇರಳೆ ಶಾಯಿ ಉಗುರ ಸಂದಿಗೆ ಹೋದರೆ ಬೇಗ ಬಿಡುವುದಿಲ್ಲ, ಈ ವಯಸ್ಸಿನ ಮಕ್ಕಳ ಬೆರಳು ಬಾಯಿಗೆ ಹೋಗದೆ ಇರುವುದೂ ಇಲ್ಲ. ಗುಡ್ಡೆಯಾಗುವುದು ಬಣ್ಣ ಹೆಚ್ಚಾಗುವುದರಿಂದ. ಬೆರಳನ್ನು ಬಟ್ಟಲಿಗೆ ಅದ್ದಿಸಬೇಡಿ. ಹಳೇ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು ಬಣ್ಣ ಕುಡಿಸಿ. ಒತ್ತಿದರೆ ನೀರು ಒಸರಬಾರದು, ಬೆರಳಿಗೆ ತಣ್ಣಗೆ ತಾಗಿದರೆ ಸಾಕು. ಮೊದಲ ಒತ್ತು ಹಳೇ ಪೇಪರ್ ಮೇಲೆ, ಎರಡನೆಯದು ಹಾಳೆಯ ಮೇಲೆ. ಆಗ ಗೆರೆಗಳು ಎದ್ದು ಕಾಣುತ್ತವೆ.

ಗೆರೆ ಕಂಡರೇ ಈ ಆಟಕ್ಕೆ ಜೀವ. ನಮ್ಮಲ್ಲೊಬ್ಬಳು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, "ಟೀಚರ್, ನನ್ ಬೆರಳಾಗೆ ತಲೆ ಸುಳಿ ಐತೆ!" ಅಂತ ಕೂಗಿದಳು. ಮಿಕ್ಕವರೆಲ್ಲ ತಂತಮ್ಮ ಸುಳಿ ಹುಡುಕಲು ಕೂತರು. ಸುತ್ತಿಕೊಂಡಿದ್ದರೆ ಚಕ್ರ, ಬಂದ ದಾರಿಗೇ ಬಳುಕಿ ಹಿಂತಿರುಗಿದ್ದರೆ ಶಂಖ ಅಂತ ಅಜ್ಜಿಯರು ಹೇಳುವುದನ್ನು ಅವತ್ತು ತೋರಿಸಿಕೊಟ್ಟೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡುವ ಗೆರೆಗಳಿವು, ಅವಳಿ ಮಕ್ಕಳದ್ದೂ ಬೇರೆ ಬೇರೆ. ನಿಮ್ಮ ಬೆರಳನ್ನೂ ಪಕ್ಕದಲ್ಲಿ ಒತ್ತಿ ತೋರಿಸಿ, ಅವಳಿಗೆ ಖುಷಿಯಾಗುತ್ತೆ.

ಬಣ್ಣಕ್ಕೆ ಅಡುಗೆಮನೆಯ ಅರಿಶಿನ ಸಾಕು. ಒಂದು ಚಮಚ ಅರಿಶಿನಕ್ಕೆ ಎರಡು ಚಮಚ ನೀರು. ಅದರಲ್ಲೇ ಸ್ವಲ್ಪ ಬೇರೆ ತೆಗೆದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕಣ್ಣೆದುರೇ ಕೆಂಪಗಾಗುತ್ತೆ, ಆರತಿ ನೀರಿಗೆ ಸುಣ್ಣ ಹಾಕಿದ ಹಾಗೆ. (ಸುಣ್ಣ ಮಾತ್ರ ಮಕ್ಕಳ ಹತ್ತಿರ ತರಬೇಡಿ.) ಬೂದು ಬಣ್ಣಕ್ಕೆ ಇದ್ದಿಲನ್ನು ನುಣ್ಣಗೆ ಅರೆದು ತೆಳು ಮೈದಾ ಗಂಜಿಯಲ್ಲಿ ಕಲಸಿ. ಬೀಟ್‌ರೂಟ್ ರಸ ತೀರಾ ನೀರು, ಹರಡಿಬಿಡುತ್ತೆ.

ಮೊದಲ ಚಿತ್ರ ನಮ್ಮ ದುರ್ಗದ ಬೆಟ್ಟವೇ ಇರಲಿ. ಕೋಟೆಯ ಆ ದುಂಡು ಬಂಡೆಗಳು ಹೆಬ್ಬೆರಳ ಅಚ್ಚಿಗೆಂದೇ ಹುಟ್ಟಿದಂತಿವೆ. ಬೂದು ಬಣ್ಣದಲ್ಲಿ ನಿಮ್ಮ ಹೆಬ್ಬೆರಳು ದೊಡ್ಡ ಬಂಡೆ, ಅವಳದು ಚಿಕ್ಕ ಬಂಡೆ, ಒಂದರ ಮೇಲೊಂದು. ನಡುವೆ ಅವಳ ಕಿರುಬೆರಳ ಕೆಂಪು ಅಚ್ಚು. ಅದಕ್ಕೆ ಪೆನ್ನಿನಲ್ಲಿ ಬಾಲ ಎಳೆದರೆ ಕೋಟೆಯ ಕೋತಿ. ಮೇಲೊಂದು ಕಡ್ಡಿ, ಮೂರು ಗೆರೆ ಎಳೆದರೆ ಗಾಳಿಯಂತ್ರ. ನಿಮ್ಮ ಜಿಲ್ಲೆಯದೂ ಬೇಕೆಂದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ಮಾಡಿಸಿ, ನೋಡಲು ಜಿಂಕೆಯಂಥ ಪ್ರಾಣಿ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಮಕ್ಕಳು ಅದನ್ನು ಎಣಿಸಿ ಎಣಿಸಿ ಬರೆಯುತ್ತಾರೆ.

ಅವಳ ಬೆರಳು ಹಿಡಿದು ನೀವೇ ಒತ್ತಿಸಲು ಹೋಗಬೇಡಿ. ನಾನೊಮ್ಮೆ ಹಾಗೆ ಮಾಡಿದಾಗ ಒಬ್ಬ ಹುಡುಗ ಮುಷ್ಟಿ ಬಿಗಿಹಿಡಿದವನು ಮನೆಗೆ ಹೋಗುವವರೆಗೂ ಬಿಡಲಿಲ್ಲ. ನನಗೆ ಕರುಳು ಚುರುಕ್ ಅಂದಿತು. ಮಾರನೇ ದಿನ ಅವನ ಪಕ್ಕ ಕೂತು ಮೂರು ಪುಟ್ಟ ಅಚ್ಚೊತ್ತಿ ಇರುವೆ ಮಾಡಿದೆ, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಇರುವೆಯ ಹಿಂದೆ ಅವನದೊಂದು ಇರುವೆ ಬಂತು.

ಮುಗಿದ ಮೇಲೆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಕಡಲೆಹಿಟ್ಟಿನಲ್ಲಿ ತೊಳೆಸಿ. ಅರಿಶಿನ ಬಿಸಿಲಿಗೆ ಮಾಸುತ್ತೆ, ಹಾಳೆಯನ್ನು ನೆರಳಲ್ಲಿ ಒಣಗಿಸಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿ. ಹಿಂದೆ ತಾರೀಕು ಬರೆದಿಡಿ.